ಮೊದಲು ರಜೆ, ಆಮೇಲೆ ಪಾಳಿ

ಬಸ್ ಡಿಪೋದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಡ್ರೈವರುಗಳಿಗೆ ಪಾಳಿ ಹಂಚುವವಳು, ಹಾಗಾಗಿ ಪಾಳಿಯಕ್ಕ. ಯಾರು ಯಾವತ್ತು ಯಾವ ಗಾಡಿ ಹತ್ತಬೇಕು, ಯಾರು ಮನೆಯಲ್ಲಿ ಕಾಲು ಚಾಚಿ ಮಲಗಬೇಕು ಎಂಬುದೆಲ್ಲ ಅವಳ ಪಟ್ಟಿಯಲ್ಲಿರುತ್ತಿತ್ತು. ಪಟ್ಟಿ ಗೋಡೆಗೆ ಅಂಟಿತೋ, ಮುಗಿಯಿತು. ಡಿಪೋ ಮ್ಯಾನೇಜರ್ ಕೂಡ ಅದರ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಿದ್ದನೇ ಹೊರತು ಒಂದಕ್ಷರ ತಿದ್ದಿಸುತ್ತಿರಲಿಲ್ಲ.

ಆ ಮಹಾನುಭಾವನಿಗೆ ಅಷ್ಟು ಬುದ್ಧಿ ಸುಮ್ಮನೆ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ, ಒಂದರ ಬೆನ್ನಿಗೆ ಒಂದು ಪಾಳಿ ಎಳೆದಿದ್ದ ಡ್ರೈವರೊಬ್ಬ ಬೆಟ್ಟದ ದಾರಿಯ ತಿರುವಿನಲ್ಲಿ ಕಣ್ಣು ಮುಚ್ಚಿಬಿಟ್ಟಿದ್ದ. ಬಸ್ಸು ತಡೆಗೋಡೆ ಒಡೆದುಕೊಂಡು ಹೋಗಿ ಒಂದು ಮರಕ್ಕೆ ಒರಗಿ ನಿಂತಿತು, ಜನ ಬದುಕಿಕೊಂಡರು. ಡ್ರೈವರೂ ಬದುಕಿದ, ಆದರೆ ಮತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ. ಈಗ ಡಿಪೋದ ಗೇಟಿನಲ್ಲಿ ಕೂತು ಒಳಬರುವ ಗಾಡಿಗಳಿಗೆ ಕೈ ಬೀಸುತ್ತಾನೆ. ಆ ತಿರುವಿನ ಮಾತು ಯಾರಾದರೂ ಎತ್ತಿದರೆ ಎದ್ದು ಆಚೆ ಹೋಗುತ್ತಾನೆ.

ಅವನ ಗತಿ ಕಣ್ಣಾರೆ ಕಂಡ ಮೇಲೆಯೇ ಪಾಳಿಯಕ್ಕ ಕಂಪ್ಯೂಟರಿನಲ್ಲಿ ಆ ದೊಡ್ಡ ಸ್ಪ್ರೆಡ್‌ಶೀಟ್ ಕಟ್ಟಿದ್ದು. ಒಬ್ಬೊಬ್ಬ ಡ್ರೈವರಿನ ಒಂದೊಂದು ಟ್ರಿಪ್ಪಿಗೂ ಒಂದು ಸಾಲು. ಎಷ್ಟು ಹೊತ್ತಿಗೆ ಹೊರಟ, ಎಷ್ಟು ಹೊತ್ತಿಗೆ ಇಳಿದ. ಅದನ್ನೆಲ್ಲ ಕೂಡಿ ಕಳೆದು, ಇವನಿಗೆ ಸಾಕಷ್ಟು ವಿಶ್ರಾಂತಿ ಸಿಕ್ಕಿದೆಯೋ ಇಲ್ಲವೋ ಎಂದು ಹೇಳುವುದಕ್ಕೆ ಕೊನೆಯಲ್ಲೊಂದು ಕಾಲಮ್. ಅದು ಹಸಿರಾದರೆ ಗಾಡಿ ಹತ್ತಬಹುದು. ಕೆಂಪಾದರೆ ಸಾಕ್ಷಾತ್ ದೇವರೇ ಬಂದು ಹೇಳಿದರೂ ಹತ್ತುವಂತಿಲ್ಲ. ಅವಳ ಒಡಹುಟ್ಟಿದ ತಮ್ಮನೂ ಅದೇ ಡಿಪೋದ ಡ್ರೈವರ್ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅಕ್ಕ ಎಂದರೆ ಅವನಿಗೆ ಪ್ರಾಣ, ಅಕ್ಕನ ಪಟ್ಟಿ ಎಂದರೆ ಅದಕ್ಕಿಂತ ಒಂದು ಕೈ ಹೆಚ್ಚು.

ಸಾಲುಗಳು ವರ್ಷದಿಂದ ವರ್ಷಕ್ಕೆ ಬೆಳೆದು ಲಕ್ಷಗಟ್ಟಲೆಯಾದವು. ಕಂಪ್ಯೂಟರ್ ಮಾತ್ರ ಕೂತಲ್ಲೇ ಮುದಿಯಾಯಿತು. ಒಂದು ಅಂಕಿ ಬದಲಾಯಿಸಿದರೆ ಸಾಕು, ಇಡೀ ಹಾಳೆಯನ್ನು ಮತ್ತೆ ಲೆಕ್ಕ ಹಾಕುತ್ತ ಏದುಸಿರು ಬಿಡುತ್ತಿತ್ತು. ಅದಕ್ಕೆ ಪಾಳಿಯಕ್ಕ ಒಂದು ಉಪಾಯ ಕಂಡುಕೊಂಡಿದ್ದಳು. ನಿನ್ನಷ್ಟಕ್ಕೆ ಲೆಕ್ಕ ಹಾಕಬೇಡ, ನಾನು ಹೇಳಿದಾಗ ಹಾಕು ಎಂದು ಫೈಲಿನ ಸೆಟ್ಟಿಂಗನ್ನೇ ಬದಲಿಸಿಟ್ಟಿದ್ದಳು. ತಿದ್ದುವುದೆಲ್ಲ ತಿದ್ದಿ, ಕೀಬೋರ್ಡಿನ ಮೇಲ್ಸಾಲಿನ ಎಫ್ ನೈನ್ ಗುಂಡಿ ಒತ್ತಿ, ಎದ್ದು ಹೋಗಿ ಟೀ ಕುಡಿದು, ಕಪ್ಪು ತೊಳೆದಿಟ್ಟು ಬರುವಷ್ಟರಲ್ಲಿ ಹಸಿರು ಕೆಂಪು ಮೂಡಿರುತ್ತಿತ್ತು. ಒತ್ತಿ ಒತ್ತಿ ಆ ಗುಂಡಿಯ ಮೇಲಿನ ಅಕ್ಷರ ಅಳಿಸಿಹೋಗಿ ಯಾವ ಕಾಲವಾಗಿತ್ತೋ.

ಪಕ್ಕದೂರಿನ ಡಿಪೋವನ್ನು ಇದರೊಳಕ್ಕೆ ಸೇರಿಸಿದ ವಾರ ಆ ಕಂಪ್ಯೂಟರ್ ಕೈ ಎತ್ತಿತು. ಅಲ್ಲಿನ ಡ್ರೈವರುಗಳ ಸಾಲುಗಳನ್ನೂ ತಂದು ಸುರಿದದ್ದೇ ತಡ, ಪರದೆ ಬೆಳ್ಳಗಾಗಿ, ಮೆಮೊರಿ ಸಾಲದು ಎಂದು ಒಂದು ಸಾಲು ಕಕ್ಕಿ ಸುಮ್ಮನಾಯಿತು. ಪಾಳಿಯಕ್ಕ ಆ ವಾರದ ಪಟ್ಟಿಯನ್ನು ಬೆರಳು ಮಡಚಿ ಎಣಿಸಿ ಕೈಯಲ್ಲೇ ಮಾಡಿದಳು. ಒಂದೊಂದು ಹೆಸರು ಬರೆಯುವಾಗಲೂ ಗೇಟಿನಲ್ಲಿ ಕೂತವನ ಮುಖ ಕಣ್ಣ ಮುಂದೆ ಬರುತ್ತಿತ್ತು.

"ಹೊಸದು ಕೊಡ್ಸಿ ಸರ್, ಇಲ್ಲಾಂದ್ರೆ ಪಟ್ಟಿ ನೀವೇ ಮಾಡಿ," ಎಂದಳು ಮ್ಯಾನೇಜರಿಗೆ.

"ಕೊಡ್ಸೋಣಮ್ಮ, ಯಾರು ಬೇಡ ಅಂದ್ರು? ಆದ್ರೆ ಕೈ ಬಿಗಿ ಇದೆ, ನಿಮಗೇ ಗೊತ್ತು." ಅವನು ಫೋನಿನಲ್ಲಿ ಒಂದು ಜಾಹೀರಾತು ತೋರಿಸಿದ. ಗಾಜಿನ ಪೆಟ್ಟಿಗೆಯೊಳಗೆ ಬಣ್ಣಬಣ್ಣದ ದೀಪ ತಿರುಗುವ ಕಂಪ್ಯೂಟರ್, ಕಂತಿನ ಮೇಲೆ ಸಿಗುತ್ತದಂತೆ. "ಗೇಮ್ ಆಡೋ ಹುಡುಗ್ರೆಲ್ಲ ಇದನ್ನೇ ತಗೊಳ್ಳೋದು. ಅಂದ್ಮೇಲೆ ನಿಮ್ಮ ಪಟ್ಟಿ ಯಾವ ಲೆಕ್ಕ?"

ಪಾಳಿಯಕ್ಕ ಆ ಚಿತ್ರವನ್ನು ತನ್ನ ಫೋನಿಗೆ ಹಾಕಿಸಿಕೊಂಡು ನೇರ ನಾದಿನಿಯ ಅಂಗಡಿಗೆ ಹೋದಳು. ನಾದಿನಿ ಎಂದರೆ ತಮ್ಮನ ಹೆಂಡತಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಒಂದು ಮೇಜು, ಒಂದು ಫ್ಯಾನು, ಗೋಡೆ ತುಂಬ ಬಿಚ್ಚಿಟ್ಟ ಪೆಟ್ಟಿಗೆಗಳು. ಇಬ್ಬರ ನಡುವೆ ದಿನಕ್ಕೊಂದು ಜಗಳ ಆಗದಿದ್ದರೆ ಇಬ್ಬರಿಗೂ ಏನೋ ಕಳಕೊಂಡ ಹಾಗಾಗುತ್ತಿತ್ತು.

"ಅತ್ತಿಗೆ, ಈ ದೀಪ ನಿಮ್ಮ ಸಾಲು ಕೂಡುತ್ತಾ?" ಎಂದಳು ನಾದಿನಿ, ಜಾಹೀರಾತು ನೋಡಿ.

"ದೀಪ ಯಾಕೆ ಕೂಡುತ್ತೆ?"

"ಮತ್ತೆ ಈ ದೊಡ್ಡ ಗ್ರಾಫಿಕ್ಸ್ ಕಾರ್ಡು? ದುಡ್ಡೆಲ್ಲ ಇರೋದು ಇದರಲ್ಲೇ. ಬಂದೂಕು ಹಿಡ್ಕೊಂಡು ಓಡಾಡೋ ಆಟಕ್ಕೆ ಬೇಕು ಇದು. ನಿಮ್ಮ ಡ್ರೈವರುಗಳು ಬಂದೂಕು ಹಿಡ್ಕೊಂಡು ಓಡಾಡ್ತಾರಾ?"

"ಭಾನುವಾರದ ಪಾಳಿ ಹಾಕಿದ್ರೆ ಹಿಡ್ಕೊಂಡ್ರೂ ಹಿಡ್ಕೊಂಡಾರು."

ನಾದಿನಿ ನಕ್ಕು, ಮೇಜಿನಡಿಯಿಂದ ಒಂದು ಕಪ್ಪು ಪೆಟ್ಟಿಗೆ ಎಳೆದಳು. ಯಾವುದೋ ಕಚೇರಿಯವರು ಬದಲಾಯಿಸುವಾಗ ಮಾರಿದ್ದು. ನೋಡಲಿಕ್ಕೆ ಬೂಟಿನ ಡಬ್ಬಿಯ ಹಾಗಿತ್ತು. "ಪ್ರೊಸೆಸರ್ ಚುರುಕಾಗಿದೆ. ನಿಮ್ಮ ಲೆಕ್ಕದಲ್ಲಿ ಒಂದು ಮುಗಿದ ಮೇಲೇ ಇನ್ನೊಂದು ಶುರುವಾಗೋದು ಜಾಸ್ತಿ. ಅದಕ್ಕೆ ಹತ್ತು ಜನ ಸೋಮಾರಿಗಳಿಗಿಂತ ನಾಲ್ಕು ಜನ ಚುರುಕಾದವರು ಮೇಲು. ಹಳೇ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕ್ತೀನಿ, ಉಳಿದ ದುಡ್ಡಲ್ಲಿ ಮೆಮೊರಿ ತುಂಬಿಸ್ತೀನಿ."

ಪಾಳಿಯಕ್ಕ ಮೂಗು ಮುರಿದಳು. "ಬೇರೆಯವರು ಬಳಸಿ ಬಿಟ್ಟಿದ್ದಾ?"

"ನಿಮ್ಮ ತಮ್ಮ ಮಾತ್ರ ಹೊಸಾದಾ? ನೀವು ಬೈದು ಬೈದು ಹದ ಮಾಡಿಟ್ಟ ಮೇಲೇ ಅಲ್ವಾ ನಂಗೆ ಸಿಕ್ಕಿದ್ದು? ನೆಟ್ಟಗೇ ಓಡ್ತಿದ್ದಾರಲ್ಲ!"

ಆ ಮಾತಿಗೆ ಪಾಳಿಯಕ್ಕ ಸೋತಳು. ಬೂಟಿನ ಡಬ್ಬಿ ಡಿಪೋಗೆ ಬಂತು.

ಬಂದ ದಿನವೇ ಮರ್ಯಾದೆ ಹೋಗುವುದರಲ್ಲಿತ್ತು. ಹಳೆಯ ಕಂಪ್ಯೂಟರಿನ ಸಾಫ್ಟ್‌ವೇರ್ ಸಿಡಿ ಬೀರುವಿನಲ್ಲಿ ಬಿದ್ದಿರುವಾಗ ಇನ್ನೊಂದಕ್ಕೆ ಯಾಕೆ ದುಡ್ಡು ಸುರಿಯಬೇಕು ಎಂದು ಮ್ಯಾನೇಜರ್ ಹಟ ಹಿಡಿದ. ಹಾಕಿದರು. ಪಾಳಿ ಫೈಲು ತೆರೆದರೆ, ಹೊಸ ಪರದೆಯೂ ಬೆಳ್ಳಗಾಗಿ, ಮೆಮೊರಿ ಸಾಲದು ಎಂದಿತು! ಮ್ಯಾನೇಜರ್ ಬಾಗಿಲಲ್ಲಿ ನಿಂತು, ದೀಪದ್ದೇ ತಗೋಬೇಕಿತ್ತು ಎಂದು ಗೊಣಗಿದ.

ನಾದಿನಿ ಬಹಳ ಹೊತ್ತು ಪರದೆ ನೋಡಿದಳು. ಆಮೇಲೆ ಹಣೆ ಚಚ್ಚಿಕೊಂಡಳು. "ಇದು ಮೂವತ್ತೆರಡು ಬಿಟ್ಟಿನ ಹಳೇ ಸಾಫ್ಟ್‌ವೇರ್ ಸರ್. ಮೆಮೊರಿ ಎಷ್ಟೇ ಇರ್ಲಿ, ಒಂದು ಚೂರಿಗಿಂತ ಜಾಸ್ತಿ ಮುಟ್ಟೋಕೆ ಇದಕ್ಕೆ ಬರೋದೇ ಇಲ್ಲ. ದೊಡ್ಡ ಮನೆ ಕಟ್ಸಿ, ಒಂದೇ ಕೋಣೆ ಬೀಗದ ಕೈ ಕೊಟ್ಟ ಹಾಗಾಯ್ತು." ಅರವತ್ತನಾಲ್ಕು ಬಿಟ್ಟಿನದು ಬಂತು. ಫೈಲು ತೆರೆಯಿತು.

ಮುಂದಿನ ಎರಡು ದಿನ ನಾದಿನಿ ಆ ಫೈಲಿನ ಗಂಟುಗಳನ್ನು ಬಿಡಿಸುತ್ತ ಕೂತಳು. ಅತ್ತಿಗೆಯ ಸೂತ್ರಗಳು ಇರುವ ಸಾಲುಗಳನ್ನಲ್ಲದೆ, ಹಾಳೆಯ ತಳದವರೆಗೆ ಇಲ್ಲದ ಸಾಲುಗಳನ್ನೂ ತಡಕುತ್ತಿದ್ದವು. ಅವನ್ನು ಮೊಟಕು ಮಾಡಿದಳು. ಒಂದೇ ಬಣ್ಣದ ನಿಯಮ ಅಂಟಿಸಿ ಅಂಟಿಸಿ ನೂರಾರು ಪದರವಾಗಿತ್ತು, ಒಂದೇ ಮಾಡಿದಳು. ಕೊನೆಗೆ ಹಳೆಯ ಸೆಟ್ಟಿಂಗ್ ತೆಗೆದು, ಪಾಳಿ ಫೈಲು ತಾನೇ ಲೆಕ್ಕ ಹಾಕುವ ಹಾಗೆ ಮಾಡಿದಳು.

"ಈಗ ಒಂದು ಅಂಕಿ ಬದಲಾಯಿಸಿ ನೋಡಿ."

ಪಾಳಿಯಕ್ಕ ಬದಲಾಯಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಹಸಿರು ಕೆಂಪಾಯಿತು. ಮತ್ತೆ ಸರಿ ಮಾಡಿದಳು, ಕೆಂಪು ಹಸಿರಾಯಿತು. ಅವಳ ಕಣ್ಣು ಒದ್ದೆಯಾಯಿತು, ಯಾಕೆಂದು ಅವಳಿಗೂ ತಿಳಿಯಲಿಲ್ಲ. ಅಷ್ಟಾದರೂ ಬೆರಳು ತಾನಾಗಿಯೇ ಎಫ್ ನೈನ್ ಕಡೆ ಹೊರಟಿತು. ನಾದಿನಿ ಆ ಕೈಯನ್ನು ಹಿಡಿದು ಕೆಳಗಿಟ್ಟಳು.

"ಇನ್ನು ಆ ಗುಂಡಿ ಮರ್ತುಬಿಡಿ ಅತ್ತಿಗೆ. ನಿಮ್ಮ ಬೆರಳಿಗೂ ಸ್ವಲ್ಪ ವಿಶ್ರಾಂತಿ ಸಿಗ್ಲಿ. ಹಳೇ ಕಾಲದವರ ಥರ ಒತ್ತುತ್ತಾ ಕೂತ್ರೆ ಎಲ್ರೂ ನಗ್ತಾರೆ."

ಆಮೇಲೂ ಅವಳ ಬೆರಳು ಎರಡು ಮೂರು ಸಲ ಅತ್ತ ಹೋಯಿತು. ಪ್ರತಿ ಸಲವೂ ನಾದಿನಿ ಕೆಮ್ಮಿದಳು. ಕೊನೆಗೆ ಪಾಳಿಯಕ್ಕನಿಗೇ ನಾಚಿಕೆಯಾಗಿ ಬಿಟ್ಟುಬಿಟ್ಟಳು.

ಶನಿವಾರ ಹೊಸ ಕಂಪ್ಯೂಟರಿನಲ್ಲಿ ಮೊದಲ ನಿಜವಾದ ಪಟ್ಟಿ. ಪಾಳಿಯಕ್ಕ ಕುರ್ಚಿ ಎಳೆದುಕೊಂಡು, ತನ್ನ ಪದ್ಧತಿಯಂತೆ ಮೊದಲು ರಜೆ ಫೈಲು ತೆರೆದಳು. ಡಿಪೋ ಸೇರಿದಾಗಿನಿಂದ ಅವಳ ಕ್ರಮ ಅದು: ಮೊದಲು ರಜೆ, ಆಮೇಲೆ ಪಾಳಿ. ಯಾರ ಮನೆಯಲ್ಲಿ ಮದುವೆ, ಯಾರ ಮಗುವಿಗೆ ಜ್ವರ ಎಂದು ನೋಡದೆ ಪಾಳಿ ಹಾಕುವವರು ಮನುಷ್ಯರೇ ಅಲ್ಲ ಎಂಬುದು ಅವಳ ವಾದ. ರಜೆ ಫೈಲು ಚಿಕ್ಕದು, ಹಳೆಯದು. ನಾದಿನಿ ಅದನ್ನು ಹಳೆಯ ಕಂಪ್ಯೂಟರಿನಿಂದ ಹಾಗೇ ಎತ್ತಿ ಇದಕ್ಕೆ ಹಾಕಿದ್ದಳು. ಒಳಗೆ ಏನಿದೆ ಎಂದು ತೆರೆದೂ ನೋಡಿರಲಿಲ್ಲ. ಅದಕ್ಕೇನು ತೊಂದರೆ ಇರುತ್ತದೆ, ಎರಡು ಪುಟದ ಫೈಲಿಗೆ?

ಆಮೇಲೆ ಪಾಳಿ ಫೈಲು ತೆರೆದಳು. ಪಕ್ಕದೂರಿನ ಡಿಪೋದವರು ಕಳಿಸಿದ ಇಡೀ ವಾರದ ಟ್ರಿಪ್ಪುಗಳನ್ನು, ಆ ರಾತ್ರಿಗೆ ನಿಗದಿಯಾಗಿದ್ದವನ್ನೂ ಸೇರಿಸಿ, ತಂದು ಅಂಟಿಸಿದಳು. ಸಾವಿರಾರು ಸಾಲು ಸದ್ದಿಲ್ಲದೆ ಕೂತವು. ಆಹಾ, ಎಷ್ಟು ಹಗುರ! ಕೊನೆಯ ಕಾಲಮ್ ಮೇಲಿಂದ ಕೆಳಗಿನವರೆಗೆ ಹಸಿರಾಗಿತ್ತು.

ಭಾನುವಾರ ಬೆಳಗಿನ ಬೆಟ್ಟದ ಗಾಡಿಯವನು ರಜೆ ಕೇಳಿದ್ದ. ಅವನ ಬದಲು ಯಾರು? ಬೆಟ್ಟದ ತಿರುವುಗಳಲ್ಲಿ ಕೈ ಪಳಗಿದವರು ಹೆಚ್ಚು ಜನ ಇಲ್ಲ. ತಮ್ಮನ ಸಾಲು ನೋಡಿದಳು, ಹಸಿರು. ಅವನನ್ನು ಆ ವಾರ ಪೂರ್ತಿ ಪಕ್ಕದೂರಿನ ಡಿಪೋಗೆ ಎರವಲು ಕೊಟ್ಟಿದ್ದರು. ಅಲ್ಲಿ ಎಷ್ಟು ದುಡಿಸಿಕೊಂಡರೋ ಏನೋ ಎಂಬ ಅನುಮಾನ ಒಂದು ಗಳಿಗೆ ಸುಳಿಯಿತು. ಫೋನ್ ಮಾಡಿ ಕೇಳೋಣವೇ? ಬೆರಳು ಎಫ್ ನೈನ್ ಮೇಲೆ ಹೋಗಿ ಕೂತೇ ಬಿಟ್ಟಿತು. ನಾದಿನಿಯ ಕೆಮ್ಮು ನೆನಪಾಯಿತು. ಅಲ್ಲಿನ ಸಾಲುಗಳನ್ನೆಲ್ಲ ಅಂಟಿಸಿಯಾಗಿದೆ, ಲೆಕ್ಕ ಹಸಿರು ಅನ್ನುತ್ತಿದೆ, ಮತ್ತೇನು ಎಂದುಕೊಂಡು ಬೆರಳು ತೆಗೆದಳು. ಬೆಟ್ಟದ ಗಾಡಿಯ ಎದುರು ತಮ್ಮನ ಹೆಸರು ಹಾಕಿದಳು. ಪಟ್ಟಿ ಗೋಡೆಗೆ ಅಂಟಿತು, ಹೆಸರಿನ ಮುಂದಿನ ಹಸಿರಿನ ಸಮೇತ ಡ್ರೈವರುಗಳ ಫೋನಿಗೂ ಹೋಯಿತು. ಎಷ್ಟೋ ವರ್ಷದ ಮೇಲೆ ಅವಳು ಬಿಸಿಲಿರುವಾಗಲೇ ಮನೆಗೆ ಹೋದಳು.

ಭಾನುವಾರ ಬೆಳಗ್ಗೆ ಅವಳು ಸೋಮವಾರದ ಪಟ್ಟಿಗೆ ಕೂತಿದ್ದಾಗ ನಾದಿನಿ ಬಂದಳು, ಒಂದು ಕೈಯಲ್ಲಿ ಪ್ರಿಂಟರಿನ ಕೇಬಲ್, ಇನ್ನೊಂದರಲ್ಲಿ ಟೀ ಫ್ಲಾಸ್ಕು. ಹಿಂದೆಯೇ ಮ್ಯಾನೇಜರ್, ತಾನು ಕೊಡಿಸಿದ ಕಂಪ್ಯೂಟರ್ ಹೇಗೆ ಓಡುತ್ತದೆ ನೋಡೋಣ ಎಂದು. ದೀಪ ಬೇಕೆಂದವನು ಈಗ ಎಲ್ಲರ ಹತ್ತಿರವೂ ಬೂಟಿನ ಡಬ್ಬಿ ತನ್ನದೇ ಆಯ್ಕೆ ಎನ್ನುತ್ತಿದ್ದ.

"ಸ್ಪೀಡ್ ನೋಡಿ ಸರ್," ಎಂದು ನಾದಿನಿ ಬಗ್ಗಿ, ಯಾವನೋ ಒಬ್ಬನ ಇಳಿದ ಹೊತ್ತನ್ನು ಬದಲಾಯಿಸಿದಳು. "ಈಗ ಇವನು ಕೆಂಪಾಗ್ತಾನೆ."

ಆಗಲಿಲ್ಲ.

ಇನ್ನೊಮ್ಮೆ ಬದಲಾಯಿಸಿದಳು. ಹಸಿರು ಹಾಗೇ ಕೂತಿತ್ತು. ನಾದಿನಿಯ ನಗು ಮುಖದಲ್ಲೇ ಒಣಗಿತು. ಅವಳ ಕಣ್ಣು ಪರದೆಯ ಎಡಗಡೆಯ ಕೆಳಮೂಲೆಗೆ ಹೋಯಿತು. ಅಲ್ಲಿ ಸಣ್ಣಕ್ಷರದಲ್ಲಿ, ಲೆಕ್ಕ ಬಾಕಿ ಇದ್ದಾಗ ಬರುವ ಒಂದೇ ಪದವಿತ್ತು: ಕ್ಯಾಲ್ಕ್ಯುಲೇಟ್. ಹಳೆಯ ಕಂಪ್ಯೂಟರಿನಲ್ಲಿ ಅದು ಹಗಲಿಡೀ ಇರುತ್ತಿತ್ತು. ಪಾಳಿಯಕ್ಕನಿಗೆ ಅದು ಗೋಡೆಯ ಮೇಲಿನ ಕಲೆಯಷ್ಟೇ ಅಭ್ಯಾಸ.

"ಅತ್ತಿಗೆ, ಇವತ್ತು ಮೊದಲು ಯಾವ ಫೈಲ್ ತೆರೆದ್ರಿ?"

"ರಜೆ. ಮೊದಲು ರಜೆ, ಆಮೇಲೆ ಪಾಳಿ. ಯಾವಾಗ್ಲೂ ಹಾಗೇ ಅಲ್ವಾ?"

"ನಿನ್ನೆ?"

"ನಿನ್ನೇನೂ ಹಾಗೇ. ಯಾಕೆ ಹಾಗೆ ನೋಡ್ತೀಯ?"

ನಾದಿನಿ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಮೊದಲು ತೆರೆದ ಫೈಲಿನ ಸೆಟ್ಟಿಂಗೇ ಆಮೇಲೆ ತೆರೆದವಕ್ಕೂ ಅತ್ತಿಗೆ. ರಜೆ ಫೈಲ್ ಇನ್ನೂ ನಿಮ್ಮ ಹಳೇ ಸೆಟ್ಟಿಂಗಲ್ಲೇ ಇದೆ, ಹೇಳಿದಾಗ ಮಾತ್ರ ಲೆಕ್ಕ ಹಾಕು ಅನ್ನೋದು. ನಾನು ಬರೀ ಪಾಳಿ ಫೈಲ್ ತೆರೆದು ನೋಡ್ದೆ, ರಜೆದು ನೋಡ್ಲೇ ಇಲ್ಲ. ನಿನ್ನೆ ನೀವು ಅಂಟಿಸಿದ್ದು ಯಾವುದೂ... ಲೆಕ್ಕಕ್ಕೇ ಬಂದಿಲ್ಲ."

"ಅಂದ್ರೆ ನಿನ್ನೆ ಹಸಿರು..."

"ಅದು ಹೋದ ವಾರದ ಹಸಿರು."

ಪಾಳಿಯಕ್ಕ ಎಫ್ ನೈನ್ ಒತ್ತಿದಳು. ಟೀ ಕುಡಿಯಬೇಕಾಗಲಿಲ್ಲ, ಕಪ್ಪು ತೊಳೆಯಬೇಕಾಗಲಿಲ್ಲ. ಬೆರಳು ಎತ್ತುವಷ್ಟರಲ್ಲಿ ಕೆಂಪು ಮೂಡಿತು. ಇಲ್ಲೊಂದು, ಅಲ್ಲೊಂದು, ಒಟ್ಟು ನಾಲ್ಕೈದು. ಅವಳ ಕಣ್ಣು ಬೇರೆ ಯಾವುದನ್ನೂ ನೋಡದೆ ಬೆಟ್ಟದ ಗಾಡಿಯ ಸಾಲಿಗೆ ಹೋಯಿತು. ತಮ್ಮ ಆ ವಾರ ಪಕ್ಕದೂರಿನಲ್ಲಿ ಒಂದು ದಿನವೂ ಬಿಡುವಿಲ್ಲದೆ ಓಡಿಸಿದ್ದ, ಎರಡು ಸಲ ಹಗಲು ರಾತ್ರಿ ಒಟ್ಟಿಗೇ. ಕೊನೆಯ ಟ್ರಿಪ್ಪು ಮುಗಿಸಿ ಇಳಿದದ್ದು ಶನಿವಾರ ಸರಿರಾತ್ರಿಗೆ. ಬೆಟ್ಟದ ಗಾಡಿ ಹೊರಟದ್ದು ಬೆಳಕು ಹರಿಯುವ ಮುಂಚೆ.

"ನಿನ್ನೆ ಎಷ್ಟೊತ್ತಿಗೆ ಬಂದ ಅವನು?" ಪಾಳಿಯಕ್ಕನಿಗೆ ತನ್ನ ದನಿಯೇ ಯಾರದೋ ಅನ್ನಿಸಿತು.

"ಬೂಟೂ ಬಿಚ್ಚದೆ ಬಿದ್ಕೊಂಡ್ರು ಅತ್ತಿಗೆ. ಬೆಳಗ್ಗೆ ಎಬ್ಬಿಸಿದ್ದು ನಾನೇ. ಕಣ್ಣು ಕೆಂಡದ ಹಾಗಿತ್ತು. ಹೋಗ್ಲೇಬೇಕಾ ಅಂತ ಕೇಳಿದೆ. ಅಕ್ಕ ಹಾಕಿದ್ದಾಳಲ್ಲ ಅಂದ್ರು. ನಾನೂ ಸುಮ್ನಾದೆ." ನಾದಿನಿ ಕೇಬಲನ್ನು ಕೈಗೆ ಸುತ್ತಿಕೊಳ್ಳುತ್ತಿದ್ದಳು. "ಹೊಸ ಕಂಪ್ಯೂಟರ್ ತಪ್ಪು ಹೇಳಲ್ಲ ಅಂತ ನಾನೂ ಸುಮ್ನಾದೆ."

ಮ್ಯಾನೇಜರ್ ಬಾಗಿಲು ಮುಂದೆ ಮಾಡಿದ. "ಗಾಬರಿ ಮಾಡ್ಕೋಬೇಡಿ. ಹುಡುಗ ಗಟ್ಟಿ ಆಳು, ಏನೂ ಆಗಲ್ಲ. ವಿಷಯ ಇಲ್ಲೇ ಇರ್ಲಿ."

"ಗೇಟಲ್ಲಿ ಕೂತಿರೋನೂ ಗಟ್ಟಿ ಆಳೇ ಆಗಿದ್ದ ಸರ್," ಎಂದಳು ಪಾಳಿಯಕ್ಕ. ಅಷ್ಟು ವರ್ಷದಲ್ಲಿ ಅವಳು ಅವನ ಮೇಲೆ ದನಿ ಎತ್ತಿದ್ದು ಅದೇ ಮೊದಲು. "ಉಳಿದ ಕೆಂಪಿನವರದ್ದೆಲ್ಲ ಮಧ್ಯಾಹ್ನದ ಗಾಡಿ. ಹೋಗಿ ನಿಲ್ಸಿ. ಒಬ್ಬನೂ ಹತ್ತಬಾರ್ದು. ಹೋಗಿ!"

ಮ್ಯಾನೇಜರ್ ಓಡಿದ, ನಿಜವಾಗಿಯೂ ಓಡಿದ.

ಪಾಳಿಯಕ್ಕ ತಮ್ಮನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಆಗಿರಲೇಬೇಕು. ಗಾಡಿ ಹೊರಡುವ ಮುಂಚೆ ಡ್ರೈವರ್ ತನ್ನ ಫೋನನ್ನು ಆರಿಸಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು ಎಂಬ ನಿಯಮ ತಂದದ್ದು ಅವಳೇ. ಅದನ್ನು ತಪ್ಪದೆ ಪಾಲಿಸುವವನು ಡಿಪೋದಲ್ಲಿ ಒಬ್ಬನಿದ್ದರೆ, ಅವನು ಅವಳ ತಮ್ಮ.

ಬೆಟ್ಟದ ಗಾಡಿಗೆ ಕಂಡಕ್ಟರ್ ಇಲ್ಲ, ಟಿಕೆಟ್ಟೆಲ್ಲ ಕೌಂಟರಿನಲ್ಲೇ. ಉಳಿದದ್ದು ಒಂದೇ ದಾರಿ. ಊರು ಬಿಟ್ಟ ಮೇಲೆ ಬಯಲಿನ ಹೆದ್ದಾರಿ, ಆಮೇಲೆ ನಡುದಾರಿಯ ನಿಲ್ದಾಣ, ಅದನ್ನು ದಾಟಿದರೆ ಬೆಟ್ಟದ ತಿರುವುಗಳು. ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನ ಹೆಂಗಸೊಬ್ಬಳಿದ್ದಾಳೆ. ಅಲ್ಲಿಗೆ ಫೋನ್ ಮಾಡಿದರೆ ಲೈನು ಸಿಗಲಿಲ್ಲ. ಮತ್ತೆ ಮಾಡಿದಳು. ಮತ್ತೆ. ಕೊನೆಗೆ ಕೌಂಟರಿನವಳು ಎತ್ತಿದಳು.

"ಬೆಟ್ಟದ ಗಾಡಿ ಬಂತಾ?"

"ಇನ್ನೂ ಇಲ್ಲ. ಆಗ್ಲೇ ಬರ್ಬೇಕಿತ್ತು. ಜನ ನನ್ನ ತಲೆ ತಿಂತಿದ್ದಾರೆ."

"ಬಂದ ತಕ್ಷಣ ನಿಲ್ಸಿ. ಮುಂದೆ ಬಿಡ್ಬೇಡಿ, ಡ್ರೈವರಿಗೆ ನಿದ್ದೆ ಇಲ್ಲ. ನಾನು ಪಾಳಿಯಕ್ಕ ಹೇಳ್ತಿರೋದು. ನಿಮ್ಮ ಕಾಲಿಗೆ ಬೀಳ್ತೀನಿ, ಫೋನ್ ಇಡ್ಬೇಡಿ."

"ಇಡಲ್ಲ," ಎಂದಳು ಅತ್ತ ಕಡೆಯವಳು.

ಬಂದಿಲ್ಲ! ಬಯಲು ದಾರಿಯಲ್ಲೇ ಏನಾದರೂ ಆಯಿತೇ? ಪಾಳಿಯಕ್ಕ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದಳು. ನಿಲ್ದಾಣದ ಗದ್ದಲ ಕೋಣೆಯೊಳಗೆ ಬಂತು. ಯಾರೋ ಚಿಲ್ಲರೆ ಕೇಳುತ್ತಿದ್ದರು, ಎಲ್ಲೋ ಮಗು ಅಳುತ್ತಿತ್ತು. ಬಸ್ಸಿನ ಸದ್ದು ಮಾತ್ರ ಇರಲಿಲ್ಲ.

"ನೀನೇ ಅಲ್ವೇನೇ ಆ ಗುಂಡಿ ಮರ್ತುಬಿಡಿ ಅಂದಿದ್ದು!" ಪಾಳಿಯಕ್ಕ ತಿರುಗಿಬಿದ್ದಳು. "ನನ್ನ ಪಾಡಿಗೆ ನಾನು ಒತ್ಕೊಂಡಿದ್ದೆ. ನಿಂಗೇನಾಗಿತ್ತು?"

"ರಜೆ ಫೈಲ್ ಮೊದಲು ತೆರೀತೀನಿ ಅಂತ ನೀವು ಒಂದು ಮಾತು ಹೇಳಿದ್ರಾ?" ನಾದಿನಿಯೂ ಕೂಗಿದಳು. "ಎರಡು ದಿನ ಪಕ್ಕದಲ್ಲೇ ಕೂತಿದ್ರಲ್ಲ, ಹೇಳಿದ್ರಾ?"

"ಉಸಿರಾಡ್ತೀನಿ ಅಂತಾನೂ ಹೇಳ್ಬೇಕಿತ್ತಾ?"

"ಅವ್ರು ನನ್ನ ಗಂಡ, ಅತ್ತಿಗೆ!"

"ನನ್ನ ತಮ್ಮ ಕಣೇ ಅವನು. ಎತ್ತಿ ಆಡಿಸಿದ್ದ ತಮ್ಮ."

ನಾದಿನಿ ಅತ್ತಿಗೆಯ ಕೈ ಹುಡುಕಿ ಹಿಡಿದಳು. ಕಿಟಕಿಯಾಚೆ ಗೇಟಿನವನು ಎದ್ದು ನಿಂತಿದ್ದ. ಮ್ಯಾನೇಜರಿನಿಂದ ವಿಷಯ ಅವನ ಕಿವಿಗೆ ಬಿದ್ದಿರಬೇಕು. ಇವತ್ತು ಅವನು ಆಚೆ ಹೋಗಲಿಲ್ಲ. ಕಿಟಕಿಯ ಕಂಬಿ ಹಿಡಿದುಕೊಂಡು, ಫೋನಿನ ಕಡೆಯೇ ನೋಡುತ್ತ ನಿಂತ.

ಎಷ್ಟು ಹೊತ್ತಾಯಿತೋ. ಫೋನಿನೊಳಗೆ ಕುರ್ಚಿ ಸರಿದ ಸದ್ದಾಯಿತು. "ಬಂತು," ಎಂದಳು ಕೌಂಟರಿನವಳು, ಫೋನ್ ದಡಕ್ಕನೆ ಎಲ್ಲೋ ಬಿತ್ತು. ಬಾಗಿಲು ಬಡಿದುಕೊಂಡಿತು. ದೂರದಲ್ಲಿ ಎಂಜಿನ್ನಿನ ಗುಡುಗು, ಹಾರ್ನು, ಅವಳ ಕೂಗು. "ನಿಲ್ಸಪ್ಪಾ! ನಿಲ್ಸು ಅಂದ್ರೆ! ನನ್ನ ಮೇಲೆ ಹತ್ತಿಸ್ಕೊಂಡು ಹೋಗ್ತೀಯಾ?" ಜನರ ಗಲಾಟೆ. ಆಮೇಲೆ ಎಂಜಿನ್ ನಿಂತಿತು. ಆ ಮೌನದಲ್ಲಿ ನಾದಿನಿಯ ಉಗುರು ಅತ್ತಿಗೆಯ ಅಂಗೈಗೆ ನಾಟಿಕೊಂಡಿತ್ತು, ಇಬ್ಬರಿಗೂ ಅದರ ಅರಿವಿರಲಿಲ್ಲ.

ಯಾರೋ ಫೋನ್ ಎತ್ತಿಕೊಂಡರು.

"ಅಕ್ಕಾ? ಲೇಟಾಯ್ತು, ಬೈಬೇಡ ಕಣೇ," ತಮ್ಮನ ದನಿ ಹಾಸಿಗೆಯಿಂದ ಎದ್ದು ಬಂದಂತೆ ದಪ್ಪಗಿತ್ತು. "ದಾರೀಲಿ ಎರಡು ಸಲ ನಿಲ್ಸಿ ಮುಖ ತೊಳ್ಕೊಂಡೆ. ಜನಕ್ಕೆ ಟಯರ್ ನೋಡ್ತೀನಿ ಅಂತ ಸುಳ್ಳು ಹೇಳ್ದೆ. ಇನ್ಮೇಲೆ ಕರೆಕ್ಟಾಗಿ ಹೋಗ್ತೀನಿ, ಬಿಡೋಕೆ ಹೇಳು ಇವ್ರಿಗೆ."

ಪಾಳಿಯಕ್ಕ ಉಸಿರು ಎಳೆದುಕೊಂಡಳು. "ನಿದ್ದೆ ಬರ್ತಿದೆಯೇನೋ?"

"ಬರ್ತಿದೆ. ಒಂದು ಕಡೆ ಎದುರಿಂದ ಲಾರಿ ಹಾರ್ನ್ ಹೊಡೆದಾಗ್ಲೇ ಎಚ್ಚರಾಗಿದ್ದು."

"ಯಾಕೋ ಹತ್ತಿದೆ? ಆಗಲ್ಲ ಅಂತ ಒಂದು ಫೋನ್ ಮಾಡೋಕೆ ಏನಾಗಿತ್ತು ನಿಂಗೆ?"

"ಮಾಡೋಣ ಅಂದ್ಕೊಂಡೆ. ಆದ್ರೆ ಪಟ್ಟೀಲಿ ಹಸಿರಿತ್ತಲ್ಲ ಅಕ್ಕಾ. ಸಾಕಷ್ಟು ಮಲಗಿದ್ದೀನಿ ಅಂತ ನೀನೇ ಬರೆದ ಮೇಲೆ, ಇದು ನಿದ್ದೆ ಅಲ್ಲ, ನನ್ನ ಸೋಮಾರಿತನ ಅಂದ್ಕೊಂಡೆ." ಅವನು ಆಕಳಿಸಿದ. "ನಿನ್ನ ಲೆಕ್ಕ ಯಾವತ್ತು ತಪ್ಪಿದೆ?"

ಕಿಟಕಿಯ ಹೊರಗೆ ಗೇಟಿನವನು ಹಣೆಯನ್ನು ಕಂಬಿಗೆ ಒತ್ತಿಕೊಂಡಿದ್ದ.

"ಇವತ್ತು," ಎಂದಳು ಅವಳು. "ಇವತ್ತು ತಪ್ಪಿದೆ ಕಣೋ. ಕೀ ಅವ್ರ ಕೈಗೆ ಕೊಟ್ಟು ಇಳಿ."

ಇನ್ನೊಬ್ಬ ಡ್ರೈವರನ್ನು ಕಳಿಸಿ ಬೆಟ್ಟದ ಗಾಡಿ ಮುಂದೆ ಹೊರಡಿಸಿದರು. ತಮ್ಮ ಮಧ್ಯಾಹ್ನ ವಾಪಸು ಬರುವ ಬಸ್ಸಿನಲ್ಲಿ ಪ್ರಯಾಣಿಕನಾಗಿ ಬಂದ. ಕಿಟಕಿಗೆ ತಲೆ ಆನಿಸಿ, ಬಾಯಿ ತೆರೆದುಕೊಂಡು, ಸತ್ತ ಹಾಗೆ ನಿದ್ದೆ ಹೋಗಿದ್ದ. ಜನರೆಲ್ಲ ಇಳಿದರು, ಅವನಿಗೆ ತಿಳಿಯಲಿಲ್ಲ. ನಾದಿನಿ ಹತ್ತಿ ಅವನ ಬೂಟು ಬಿಚ್ಚಿ ಸೀಟಿನಡಿ ಇಟ್ಟಳು, ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಆಮೇಲೆ ಕಣ್ಣೊರೆಸಿಕೊಂಡು ಆಫೀಸಿಗೆ ಹೋಗಿ, ಆ ಕಂಪ್ಯೂಟರಿನಲ್ಲಿದ್ದ ಹಳೆಯ ಫೈಲುಗಳನ್ನು ಒಂದೊಂದಾಗಿ ತೆರೆದು, ಸೆಟ್ಟಿಂಗ್ ತಿದ್ದುತ್ತ ಕೂತಳು.

ಗಾಡಿ ತೊಳೆಯುವವರು ಪೈಪು ಹಿಡಿದು ಬಂದಾಗ ಪಾಳಿಯಕ್ಕ ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಗೋಡೆಯಿಂದ ಕಿತ್ತು ತಂದ ಪಟ್ಟಿ ಇತ್ತು.

"ಪಾಳಿಯಕ್ಕ, ಸ್ವಲ್ಪ ಏಳಿ. ಈ ಗಾಡಿ ತೊಳೀಬೇಕು, ಸಂಜೆ ಟ್ರಿಪ್ಪಿಗೆ ಹಾಕಿದ್ದೀರಲ್ಲ."

"ಹಾಕಿದ್ದೆ," ಎಂದಳು ಅವಳು ಮೆಲ್ಲಗೆ. "ಬೇರೆ ಗಾಡಿ ತಗೊಳ್ಳಿ. ಒಳಗೆ ತಮ್ಮ ಮಲಗಿದ್ದಾನೆ."